ಹಳೇಬೀಡು ಮೂಡಿಗೆರೆಗೆ ಹೋದ ಕಥೆ!

ಹೊಯ್ಸಳೇಶ್ವರನ ಗುಡಿ ಎಲ್ಲಿದೆ? "ಹಳೇಬೀಡಿನಲ್ಲಿ, ಇದೇನ್ರೀ ಪ್ರಶ್ನೆ!" ಅಂತೀರಿ. ಸರಿಯೇ. ಆದರೆ ಈಚೆಗೆ, ಶಿವರಾತ್ರಿಗೆ ಇನ್ನೂ ವಾರ ಇದೆ ಅನ್ನುವಾಗ, ಒಂದು ದಿನ ಬೆಳಿಗ್ಗೆ ಆರೂವರೆಯಿಂದ ಹತ್ತು ಗಂಟೆಯವರೆಗೆ ಆ ಗುಡಿ ಮೂಡಿಗೆರೆ ಆಚೆಯ ಕಾಫಿ ತೋಟದಲ್ಲಿತ್ತು. ಗುಡಿಯ ಹಿಂದಿನ ಕೆರೆ, ಕೆರೆಯ ಏರಿ ಎಲ್ಲವೂ ಜೊತೆಗೇ ಹೋಗಿದ್ದವು. ಹೊತ್ತುಕೊಂಡು ಹೋದವನು ಮಲಿಕ್ ಕಾಫರ್ ಅಲ್ಲ, ನಾನು!

ಮಲಿಕ್ ಕಾಫರ್ 1311ರಲ್ಲಿ ದೋರಸಮುದ್ರಕ್ಕೆ ಬಂದಾಗ ದಂಡು ಕಟ್ಟಿಕೊಂಡು ಬಂದಿದ್ದ. ನನಗೆ ಅಷ್ಟೆಲ್ಲ ಬೇಕಾಗಲಿಲ್ಲ. ಒಂದು ಮೊಬೈಲು, ಒಂದು ಹಳೇ ನೋಟ್‌ಬುಕ್ಕು, ಮತ್ತೆ ಪಿಯುಸಿ ಗಣಿತದಲ್ಲಿ ನಾನು ತೆಗೆದಿದ್ದ ಹನ್ನೊಂದು ಮಾರ್ಕು. ಇಷ್ಟೇ ಸಾಕಾಯಿತು.

ಕಥೆ ಶುರುವಾಗೋದು ಗಾಂಧಿನಗರದಿಂದ ಬಂದ ಒಂದು ಫೋನಿನಿಂದ. ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು. ಹೆಸರು ಬೇಡ ಬಿಡಿ.

"ಏನಯ್ಯಾ, ನೀನು ಅರಸೀಕೆರೆ ಕಡೆಯೋನಲ್ವಾ?"

"ಹೌದು ಸಾರ್."

"ಅಲ್ಲಿ ನಮ್ಮ ಹಳೇ ಲೊಕೇಶನ್ ಯಜಮಾನ್ರು ಇದ್ದಾರೆ. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಮುತ್ತ ಜಾಗಗಳ ಲಿಸ್ಟ್ ಅವರ ಹತ್ರ ಇದೆ. ಎಲ್ಲ ಜಿ.ಪಿ.ಎಸ್. ಪಾಯಿಂಟು. ಅದನ್ನ ನಮ್ಮ ಮೊಬೈಲಿಗೆ ಬರೋ ಹಾಗೆ ಮಾಡಿ ಕಳಿಸು. ಡೈರೆಕ್ಟ್ರಿಗೆ ಬೆಳಗಿನ ಬಿಸಿಲು ಬೀಳೋ ಕೆರೆ ಏರಿ ಬೇಕು, ಒಂದು ಕಲ್ಯಾಣಿ ಬೇಕು, ಯಾವ ಪಿಕ್ಚರಲ್ಲೂ ಬರದೇ ಇರೋ ಮಂಟಪ ಬೇಕು. ಎಂಟು ಸಾವಿರ ಕೊಡ್ತೀವಿ."

ಎಂಟು ಸಾವಿರ! ಎರಡು ತಿಂಗಳ ಬಾಡಿಗೆ ಬಾಕಿ ಇದ್ದವನ ಕಿವಿಗೆ ಇದಕ್ಕಿಂತ ಇಂಪಾದ ಹಾಡು ಇನ್ನೊಂದಿಲ್ಲ. ರಾತ್ರಿ ರೈಲು ಹತ್ತಿಬಿಟ್ಟೆ.

ಹಳದಿ ಡಬ್ಬಿ

ಅರಸೀಕೆರೆ ಜಂಕ್ಷನ್ ಅಂದರೆ ಹುಬ್ಬಳ್ಳಿ ಕಡೆಯವರು, ಬೆಂಗಳೂರು ಕಡೆಯವರು, ಹಾಸನ–ಮೈಸೂರು ಕಡೆಯವರು ಬೆಳಗಿನ ಜಾವ ಒಂದೇ ಪ್ಲಾಟ್‌ಫಾರಮ್ಮಿನಲ್ಲಿ ಆಕಳಿಸುವ ಜಾಗ. ಹೊರಗೆ ಬಂದರೆ ತೆಂಗು, ಕೊಬ್ಬರಿ, ತೆಂಗು. ಇದೇ ಊರಿನಲ್ಲಿ ನಾನು ಕಾಲೇಜು ಬಿಟ್ಟಿದ್ದು. ಬಸ್‌ಸ್ಟ್ಯಾಂಡಿನಲ್ಲಿ ಸಿನಿಮಾ ಪತ್ರಿಕೆ ಓದುತ್ತಾ ಕೂತವನಿಗೆ ಕಾಲೇಜಿನ ಗಂಟೆ ಕೇಳಿಸಲಿಲ್ಲ. ಆಮೇಲೆ ಅದೇ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯೋ ಹಾಗಾಯಿತು. ಇರಲಿ.

ಯಜಮಾನರ ಮನೆ ಊರಾಚೆ, ತೋಟದ ನಡುವೆ. ಎಪ್ಪತ್ತರ ಮೇಲಿನ ವಯಸ್ಸು, ಮೊಣಕಾಲು ನೋವು. ಇಪ್ಪತ್ತೈದು ವರ್ಷ ಹೊರಾಂಗಣ ಚಿತ್ರೀಕರಣಕ್ಕೆ ಜಾಗ ಹುಡುಕಿಕೊಟ್ಟವರು. ಪರದೆ ಮೇಲೆ ಅವರ ಹೆಸರು ಬಂದದ್ದು ಎರಡೋ ಮೂರೋ ಸಲ, ಅದೂ ಜನ ಎದ್ದು ಚಪ್ಪಲಿ ಹುಡುಕೋ ಹೊತ್ತಿಗೆ. ಸಿನಿಮಾ ಹುಚ್ಚು ಹತ್ತಿದ್ದು ಯಾವಾಗ ಅಂತ ಕೇಳಿದೆ. 1964ರಲ್ಲಿ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ಬಂದಾಗ ಅಂದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಮಾರನೇ ಭಾನುವಾರವೇ, ಕಲ್ಯಾಣಕುಮಾರ್ ಕಡೆದ ಕಲ್ಲು ತೋರಿಸಿ ಅಂತ ಬೇಲೂರಿಗೆ ಹೋಗಲು ಹಟ ಹಿಡಿದರಂತೆ!

ಆಮೇಲೆ ಒಳಗಿನಿಂದ ಒಂದು ಬಿಸ್ಕತ್ತಿನ ಟಿನ್ನು ಬಂತು. ಅದರಲ್ಲಿ ಹಳದಿ ಬಣ್ಣದ ಒಂದು ಡಬ್ಬಿ, ಅಂಗೈಯಗಲ. ಗಾರ್ಮಿನ್ ಈಟ್ರೆಕ್ಸ್ ಅಂತ ಅದರ ಹೆಸರು. 2000ದ ಸುಮಾರಿಗೆ ಬಂದ ಮಾಲು. ಕಪ್ಪು–ಬೂದಿ ಪರದೆ, ಪಕ್ಕದಲ್ಲಿ ರಬ್ಬರ್ ಗುಂಡಿಗಳು. ಎರಡು ಪೆನ್ಸಿಲ್ ಸೆಲ್ ಹಾಕಿ ಅಂಗಳದಲ್ಲಿಟ್ಟೆವು. ಉಪಗ್ರಹ ಹುಡುಕುತ್ತಾ ಕೂತಿತು. ನಾವು ಎರಡು ಲೋಟ ಕಾಫಿ ಕುಡಿದೆವು. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತೋ ಉಪಗ್ರಹಗಳು ಅರಸೀಕೆರೆಯ ತೆಂಗಿನ ಗರಿ ಸಂದಿಯಲ್ಲಿ ಕಾಣಿಸಿಕೊಳ್ಳಬೇಕಲ್ಲ! ಕೊನೆಗೆ ಸಿಕ್ಕಿತು. ಆದರೆ ತಾರೀಕು ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು.

"ಹೆದರಬೇಡ ಕಣೋ," ಅಂದರು ಯಜಮಾನರು. "ಇದು ವಾರ ಎಣಿಸುತ್ತೆ. ಸಾವಿರದ ಇಪ್ಪತ್ನಾಲ್ಕು ವಾರ ಆದ್ಮೇಲೆ ಮತ್ತೆ ಸೊನ್ನೆ. 2019ರ ಏಪ್ರಿಲಲ್ಲಿ ಒಂದ್ಸಲ ಸೊನ್ನೆ ಆಯ್ತು, ಪಾಪ ಇದಕ್ಕೆ ಗೊತ್ತಾಗಲಿಲ್ಲ. ಕಾಲ ತಪ್ಪಿದೆ, ಜಾಗ ತಪ್ಪಿಲ್ಲ."

ಇಂಥ ಡಬ್ಬಿ ಕೊಳ್ಳೋಕೂ ಒಂದು ಕಾಲ ಬರಬೇಕಿತ್ತಂತೆ. 2000ನೇ ಇಸವಿ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರಿಗೆ ಸಿಗೋ ಜಿ.ಪಿ.ಎಸ್. ಸಂಕೇತಕ್ಕೆ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ನೂರು ಮೀಟರ್ ಆ ಕಡೆ, ಈ ಕಡೆ. ಅಧ್ಯಕ್ಷ ಕ್ಲಿಂಟನ್ ಹೇಳಿ ಅದನ್ನು ನಿಲ್ಲಿಸಿದ ಮೇಲೆ ಬಡವನ ಡಬ್ಬಿಗೂ ಬೆಲೆ ಬಂತು.

ಡಬ್ಬಿಯಿಂದ ಕಂಪ್ಯೂಟರಿಗೆ ಹಾಕುವ ವೈರು ಮಾತ್ರ ಇಲ್ಲ. ಅದು ಆ ಕಾಲದ ಸೀರಿಯಲ್ ವೈರು, ಡಬ್ಬಿ ಕಡೆ ಅದರದೇ ಒಂದು ವಿಚಿತ್ರ ಪಿನ್ನು. ಎಲ್ಲೋ ಷೂಟಿಂಗಿನಲ್ಲಿ ಕಳೆದುಹೋಗಿದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ತೂತೂ ಇಲ್ಲ. ಬೇಜಾರಾಗುವಷ್ಟರಲ್ಲಿ ಯಜಮಾನರು ಒಂದು ಉದ್ದನೆಯ ನೋಟ್‌ಬುಕ್ ಕೈಗಿಟ್ಟರು. ಎಲ್ಲ ಪಾಯಿಂಟುಗಳೂ ಅವರದೇ ಕೈಬರಹದಲ್ಲಿ, ಒಂದೊಂದು ಸಾಲಿಗೆ ಒಂದೊಂದು. ಒಟ್ಟು ಎಂಬತ್ತೇಳು.

ಒಂದು ಸಾಲು ಹೀಗಿತ್ತು: 13, ಸ್ವಲ್ಪ ಜಾಗ ಬಿಟ್ಟು 12.79. ಅದರ ಮುಂದೆ 75, ಜಾಗ ಬಿಟ್ಟು 59.70. ಹೊಯ್ಸಳೇಶ್ವರನ ಗುಡಿ!

ನಾನು ಜಾಗ ಬಿಟ್ಟ ಕಡೆ ಒಂದು ಚುಕ್ಕಿ ಇಟ್ಟು, ಆಮೇಲಿನ ಚುಕ್ಕಿ ತೆಗೆದು, 13.1279 ಮತ್ತು 75.5970 ಅಂತ ಬರೆದುಕೊಂಡೆ. ಎಂಬತ್ತೇಳಕ್ಕೆ ಎಂಬತ್ತೇಳೂ ಹಾಗೇ. ಎಷ್ಟು ನೀಟಾಗಿ ಕಂಡಿತು ಅಂತೀರಾ!

ಜೆರಾಕ್ಸ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ

ಬಸ್‌ಸ್ಟ್ಯಾಂಡ್ ಕಡೆಯ ಜೆರಾಕ್ಸ್ ಅಂಗಡಿಯ ಹುಡುಗ ನನಗಿಂತ ಎಂಟು ವರ್ಷ ಚಿಕ್ಕವನು, ಎಂಟು ಪಾಲು ಬುದ್ಧಿವಂತ. ಪಾಯಿಂಟಿನ ಕಡತಗಳ ಕಥೆಯನ್ನು ಅವನೇ ನನಗೆ ಹೇಳಿಕೊಟ್ಟದ್ದು. ಒಂದೊಂದು ಕಂಪನಿಯ ಡಬ್ಬಿ ಒಂದೊಂದು ಭಾಷೆಯಲ್ಲಿ ಜಾಗ ಬರೆದಿಡುತ್ತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರೋಲ್ಲ. ಎಲ್ಲರಿಗೂ ಅರ್ಥವಾಗೋ ಸಂತೆಭಾಷೆ ಅಂದರೆ ಜಿ.ಪಿ.ಎಕ್ಸ್. ಗೂಗಲ್‌ನವರಿಗೆ ಪ್ರೀತಿ ಕೆ.ಎಂ.ಎಲ್. ಮೇಲೆ. ನಡುವೆ ದುಭಾಷಿಯಾಗಿ ನಿಂತು ಒಂದರಿಂದ ಇನ್ನೊಂದಕ್ಕೆ ಮಾಡಿಕೊಡೋ ತಂತ್ರಾಂಶ ಜಿ.ಪಿ.ಎಸ್.ಬೇಬಲ್. ಕಾಸಿಲ್ಲ, ಪುಕ್ಕಟೆ! ಮೊದಲ ಸಾಲಿನಲ್ಲಿ ಹೆಸರು, ಅಕ್ಷಾಂಶ, ರೇಖಾಂಶ ಅಂತ ಇಂಗ್ಲಿಷಿನಲ್ಲಿ ತಲೆಬರಹ ಕೊಟ್ಟು, ಕೆಳಗೆ ಅಲ್ಪವಿರಾಮ ಹಾಕಿ ಅಂಕಿಗಳನ್ನು ತುಂಬಿಸಿದರೆ ಸಾಕು, ಆ ಪಟ್ಟಿಯನ್ನು ನುಂಗಿ ಜಿ.ಪಿ.ಎಕ್ಸ್. ಉಗುಳುತ್ತೆ. ಅದನ್ನು ಮೊಬೈಲಿನ ಆಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆಪುಗಳು ಹಾಗೇ ತೆರೆಯುತ್ತವೆ, ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ತೋರಿಸುತ್ತವೆ. ಗೂಗಲ್ ನಕ್ಷೆಯಲ್ಲೇ ಬೇಕು ಅಂದರೆ ಅವರ ಮೈ ಮ್ಯಾಪ್ಸ್ ಅನ್ನೋ ಹಿತ್ತಲ ಬಾಗಿಲಿನಿಂದ ಹೋಗಬೇಕು.

ಪ್ರೊಡಕ್ಷನ್‌ನವರಿಗೆ ಕೆ.ಎಂ.ಎಲ್. ಕೂಡ ಇರಲಿ ಅಂತ ನಾನೇ ಕೈಯಾರೆ ಒಂದು ಬರೆದೆ. ತೆರೆದು ನೋಡಿದರೆ ನಕ್ಷೆಯ ತುಂಬ ನೀಲಿ! ಹಳೇಬೀಡು, ಬೇಲೂರು, ಅರಸೀಕೆರೆ ಮೂರೂ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮದ ಸಮುದ್ರದಲ್ಲಿ ತೇಲುತ್ತಿದ್ದವು. ಹುಡುಗ ಬಿದ್ದು ಬಿದ್ದು ನಕ್ಕ.

"ಅಣ್ಣಾ, ಕೆ.ಎಂ.ಎಲ್.ನಲ್ಲಿ ರೇಖಾಂಶ ಮುಂದೆ, ಅಕ್ಷಾಂಶ ಹಿಂದೆ. ನೀವು ಬಾಯಲ್ಲಿ ಹೇಳೋ ಥರ ಬರೆದಿದ್ದೀರ. 13, 75 ಹೋಗಿ 75, 13 ಆಗಿದೆ."

ಅದೊಂದು ತಪ್ಪು ಸಿಕ್ಕಿತಲ್ಲ, ತಿದ್ದಿದೆವು. ಇನ್ನೇನೂ ಇರಲಿಕ್ಕಿಲ್ಲ ಅಂತ ನನ್ನ ಧೈರ್ಯ. ಪರೀಕ್ಷೆಗೆ ಅಂತ ಒಂದೇ ಒಂದು ಪಾಯಿಂಟ್ ಒತ್ತಿ ನೋಡಿದೆ. ಹಳೇಬೀಡಿನ ಪೂರ್ವಕ್ಕೆ, ಹೊಲದಂಚಿನ ಒಂದು ಮುರುಕು ಮಂಟಪ ಅದು. ಪರದೆ ಮೇಲೆ ಹಳೇಬೀಡು ಅನ್ನೋ ಹೆಸರಿನ ಸ್ವಲ್ಪ ಕೆಳಗೆ ಗುರುತು ಬಿತ್ತು. "ಅಲ್ಲೇ ಇದೆಯಲ್ಲ!" ಅಂತ ವಾಟ್ಸಾಪಿನಲ್ಲಿ ಬೆಂಗಳೂರಿಗೆ ಕಳಿಸಿಬಿಟ್ಟೆ. "ಸೂಪರ್! ರಾತ್ರಿ ಎರಡಕ್ಕೆ ವ್ಯಾನ್ ಬಿಡ್ತೀವಿ, ಆರೂವರೆಗೆ ಕೆರೆ ಏರಿ ಮೇಲಿರು" ಅಂತ ಉತ್ತರ ಬಂತು. ಎರಡು ಮಸಾಲೆ ದೋಸೆ ತಿಂದೆ. ಎರಡನೆಯದು ಬೇಕಿರಲಿಲ್ಲ.

ಜಾವಗಲ್ ಮೇಲಿನ ಬಸ್ಸು

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ನಲವತ್ತು ಕಿಲೋಮೀಟರ್ ಆಸುಪಾಸು. ಬಸ್ಸು ಹೊರಡೋ ಮುಂಚೆ ಒಂದು ಮಾತು. ಅರಸೀಕೆರೆಗೆ ಇಳಿದವರು ನೇರ ಹಳೇಬೀಡಿಗೆ ಓಡ್ತಾರೆ. ಊರೊಳಗೇ ಇರುವ ಈಶ್ವರ ದೇವಸ್ಥಾನವನ್ನು ಯಾರೂ ಕೇಳೋಲ್ಲ. 1220ರ ಸುಮಾರಿನ ಹೊಯ್ಸಳರ ಗುಡಿ. ಮುಂದೆ ಹದಿನಾರು ಮೂಲೆಯ ನಕ್ಷತ್ರದ ಹಾಗೆ ಒಂದು ಮಂಟಪ, ಒಳಗೆ ನಿಂತು ತಲೆ ಎತ್ತಿದರೆ ಕಲ್ಲಿನ ಗುಮ್ಮಟ. ನಮ್ಮ ಕ್ಯಾಮೆರಾದವರು ಕ್ರೇನಿಗೆ, ಟ್ರಾಲಿಗೆ ಸುರಿಯೋ ದುಡ್ಡನ್ನು ಇಲ್ಲಿ ಕತ್ತು ಎತ್ತಿದರೆ ಉಳಿಸಬಹುದು.

ಜಾವಗಲ್ಲಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕ್ರಿಕೆಟಿನ ಶ್ರೀನಾಥ್ ಹೆಸರಿನ ಮುಂದೆ ಕೂತು ಲೋಕವೆಲ್ಲ ಸುತ್ತಿದ ಊರು. ಇಲ್ಲೂ ಒಂದು ಲಕ್ಷ್ಮೀನರಸಿಂಹ ಗುಡಿ ಇದೆ. ಸಂಜೆ ಹಳೇಬೀಡಿಗೆ ಇಳಿದಾಗ ಗೇಟು ಮುಚ್ಚೋ ಹೊತ್ತು. ಕಾವಲಿನವರಿಗೆ ಕೈಮುಗಿದು ಒಂದು ಸುತ್ತು ಹಾಕಿದೆ. ಸೂರ್ಯ ಇಳಿಯೋ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಬೆಳಕು ಅಡ್ಡಡ್ಡ ಬಿದ್ದು ಒಂದೊಂದು ಆನೆಯೂ ಎದ್ದು ಬಂದ ಹಾಗೆ ಕಾಣುತ್ತೆ. 1121ರ ಸುಮಾರಿಗೆ ವಿಷ್ಣುವರ್ಧನನ ಕಾಲದಲ್ಲಿ ಕೇತಮಲ್ಲ ಶುರು ಮಾಡಿಸಿದ ಕೆಲಸ. ಹೊಯ್ಸಳೇಶ್ವರ, ಶಾಂತಲೇಶ್ವರ ಅಂತ ಜೋಡಿ ಗುಡಿ, ಎದುರಿಗೆ ಜೋಡಿ ನಂದಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರದ ಜೊತೆ ಇದನ್ನೂ ಯುನೆಸ್ಕೋದವರು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅಂದ ಮೇಲೆ ಒಳಗೆ ಚಿತ್ರೀಕರಣ ಅಂದರೆ ಪುರಾತತ್ವ ಇಲಾಖೆಯ ಅನುಮತಿ, ಶುಲ್ಕ, ಷರತ್ತು ಎಲ್ಲ ಇದ್ದೇ ಇದೆ. ಅದಕ್ಕೇ ನಮ್ಮವರಿಗೆ ಹೊರಗಿನ ಜಾಗದ ಹುಡುಕಾಟ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ನಿಂತಿದ್ದೆ. ಮಂಜು, ನೀರುಕೋಳಿ, ಆ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬರುವ ಒಬ್ಬ ಅಜ್ಜ. ಬಿಸಿಲು ಯಜಮಾನರು ಹೇಳಿದ ಕಡೆಯಿಂದಲೇ ಬಂತು. ವ್ಯಾನು ಬರಲಿಲ್ಲ. ಏಳಾಯಿತು. ಏಳೂಮುಕ್ಕಾಲಿಗೆ ಫೋನು.

"ಏನ್ರೀ, ಎಲ್ಲಿದ್ದೀರಾ? ನಾವು ಪಾಯಿಂಟಿಗೆ ಬಂದು ಒಂದು ಗಂಟೆ ಆಯ್ತು!" ಸಹಾಯಕ ನಿರ್ದೇಶಕರ ದನಿ.

"ಸಾರ್, ನಾನು ಏರಿ ಮೇಲೇ ಇದ್ದೀನಿ."

"ಯಾವ ಏರಿರೀ? ಇಲ್ಲಿ ಬರೀ ಕಾಫಿ ಗಿಡ. ಕಣದಲ್ಲಿ ಕಾಫಿ ಹಣ್ಣು ಹರವಿದ್ದಾರೆ. ನಾಯಿ ಬೇರೆ ಬಿಟ್ಟಿದ್ದಾರೆ!"

ಹಿಂದಿನಿಂದ ಇನ್ನೊಂದು ದನಿ, ತೋಟದ ರೈಟರದ್ದಿರಬೇಕು: "ಕೆರೆ ನೋಡೋಕೆ ಇಲ್ಲಿಗ್ಯಾಕೆ ಬಂದ್ರಿ ಮಾರಾಯ್ರೇ? ಮೂಡಿಗೆರೆ ಇದು!"

ಆದದ್ದು ಇಷ್ಟು. ಡ್ರೈವರ್ ಈ ಕಡೆಯವನಲ್ಲ. ಉಳಿದವರೆಲ್ಲ ನಿದ್ದೆ. ಮೊಬೈಲು "ಎಡಕ್ಕೆ, ಬಲಕ್ಕೆ" ಅಂದ ಹಾಗೆ ಹಾಸನ ದಾಟಿ, ಬೇಲೂರಿನ ಮೇಲೇ ಹಾದು, ಕತ್ತಲಲ್ಲಿ ಘಟ್ಟದ ಕಡೆ ಹೋಗಿದ್ದಾರೆ. ಚೆನ್ನಕೇಶವನ ಗೋಪುರವನ್ನು ಪಕ್ಕದಲ್ಲೇ ಬಿಟ್ಟು ಹೋಗಿದ್ದಾರೆ ಸ್ವಾಮಿ! ಎಂಟು ಜನ, ಒಂದು ಕ್ಯಾಮೆರಾ, ಹೋಗಿದ್ದ ಬೆಳಗಿನ ಬೆಳಕು. ನನ್ನ ಎಂಟು ಸಾವಿರ ಕಣ್ಣ ಮುಂದೆ ಕೆರೆಗೆ ಇಳಿಯಿತು.

ನಿಮಿಷಕ್ಕೆ ಎಷ್ಟು?

ಯಜಮಾನರಿಗೆ ಫೋನು ಮಾಡಿದೆ. ದನಿಯಲ್ಲಿ ಸ್ವಲ್ಪ ಜೋರಿತ್ತು ಅಂತ ಒಪ್ಪಿಕೊಳ್ತೀನಿ.

"ಯಜಮಾನ್ರೇ, ನಿಮ್ಮ ಲೆಕ್ಕ ತಪ್ಪಿದೆ. ಹಳೇಬೀಡು ಮೂಡಿಗೆರೆ ಹತ್ರ ತೋರಿಸ್ತಿದೆ."

"ನೀನು ಬರ್ಕೊಂಡಿದ್ದು ಓದು."

"75.5970."

ಆ ಕಡೆ ಮೌನ. ಆಮೇಲೆ ನಿಧಾನವಾಗಿ: "ಲೋ ಮರಿ, ಒಂದು ಗಂಟೆಗೆ ಎಷ್ಟು ನಿಮಿಷ?"

"ಅರವತ್ತು."

"ಮತ್ತೆ?"

ನಾನು ಏರಿ ಮೇಲೆ ಕೂತುಬಿಟ್ಟೆ. ಒಂದು ಡಿಗ್ರಿಗೂ ಅರವತ್ತೇ ನಿಮಿಷ! ಡಬ್ಬಿ ತೋರಿಸೋದು ಡಿಗ್ರಿ ಮತ್ತು ನಿಮಿಷ. ಜಾಗ ಬಿಟ್ಟು ಬರೆದಿದ್ದು ಅದಕ್ಕೇ. ನಾನು ಆ ನಿಮಿಷವನ್ನು ರೂಪಾಯಿಯ ಪೈಸೆ ಅಂದುಕೊಂಡು ನೂರರ ಲೆಕ್ಕಕ್ಕೆ ಹಾಕಿದ್ದೆ. 59.70 ನಿಮಿಷ ಅಂದರೆ ಅರವತ್ತರಿಂದ ಭಾಗಿಸಬೇಕು, 0.995 ಬರುತ್ತೆ. ಹಳೇಬೀಡು ಇರೋದು 75.995ರಲ್ಲಿ. ನಾನು ಇಟ್ಟಿದ್ದು 75.597ರಲ್ಲಿ. ಈ ವ್ಯತ್ಯಾಸ ಪಶ್ಚಿಮಕ್ಕೆ ನಲವತ್ತಮೂರು ಕಿಲೋಮೀಟರ್. ಅಕ್ಷಾಂಶದಲ್ಲೂ ಅದೇ ಪೆದ್ದುತನ, ದಕ್ಷಿಣಕ್ಕೆ ಒಂಬತ್ತೂವರೆ.

ಇದರಲ್ಲಿ ಇನ್ನೊಂದು ಮೋಜು ಇದೆ. ನಿಮಿಷ ಹೆಚ್ಚಿದ್ದಷ್ಟೂ ಊರು ದೂರ ಓಡುತ್ತೆ. ಅರಸೀಕೆರೆ ಹದಿನೆಂಟು ಕಿಲೋಮೀಟರ್ ಮಾತ್ರ ಜಾರಿತ್ತು. ಬೇಲೂರು ಮೂವತ್ತೆಂಟು ಕಿಲೋಮೀಟರ್ ಓಡಿ ಕೊಟ್ಟಿಗೆಹಾರದ ಕಡೆ ಹೋಗಿ ನಿಂತಿತ್ತು. ಹಾಗಾದರೆ ನಾನು ಪರೀಕ್ಷೆ ಮಾಡಿದ ಮಂಟಪ ಹೇಗೆ ಹಳೇಬೀಡಿನ ಹತ್ತಿರವೇ ಬಿತ್ತು? ಇಲ್ಲಿದೆ ನೋಡಿ ಇಂಟರ್‌ವಲ್ ಟ್ವಿಸ್ಟು. 76 ಡಿಗ್ರಿ ರೇಖಾಂಶ ಹಾದುಹೋಗೋದು ಹೊಯ್ಸಳೇಶ್ವರನ ಗುಡಿಯಿಂದ ಪೂರ್ವಕ್ಕೆ ಅರ್ಧ ಕಿಲೋಮೀಟರ್ ಚಿಲ್ಲರೆ ದೂರದಲ್ಲಿ. ಗುಡಿ ಆ ಗೆರೆಯ ಈಚೆ, 75 ಡಿಗ್ರಿ 59.70 ನಿಮಿಷ. ಮಂಟಪ ಗೆರೆಯ ಆಚೆ, 76 ಡಿಗ್ರಿ ಸೊನ್ನೆ ಪಾಯಿಂಟ್ ಚಿಲ್ಲರೆ. ನಿಮಿಷ ಸೊನ್ನೆ ಇದ್ದ ಕಡೆ ನೂರರಿಂದ ಭಾಗಿಸಿದರೂ ಸೊನ್ನೆ, ಅರವತ್ತರಿಂದ ಭಾಗಿಸಿದರೂ ಸೊನ್ನೆ! ಹತ್ತು ನಿಮಿಷ ನಡೆದರೆ ಸಿಗೋ ಎರಡು ಜಾಗಗಳಲ್ಲಿ ಒಂದು ಬಯಲಿನಲ್ಲೇ ಉಳಿದಿತ್ತು, ಇನ್ನೊಂದು ಮಲೆನಾಡಿಗೆ ಹೋಗಿತ್ತು. ಇದ್ದ ಎಂಬತ್ತೇಳರಲ್ಲಿ ನನ್ನ ತಪ್ಪನ್ನು ಮುಚ್ಚಿಡೋ ಪಾಯಿಂಟನ್ನೇ ಆರಿಸಿ ಪರೀಕ್ಷೆ ಮಾಡಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತವನ ಅದೃಷ್ಟ ಇಷ್ಟೇ.

ಟೀ ಅಂಗಡಿಯ ಬೆಂಚಿನ ಮೇಲೆ ಮೊಬೈಲಿನಲ್ಲೇ ಪಟ್ಟಿ ತೆರೆದು, ಎಲ್ಲದಕ್ಕೂ ಅರವತ್ತರ ಭಾಗಾಕಾರ ಹಾಕಿ ಅರಸೀಕೆರೆಯ ಹುಡುಗನಿಗೆ ಕಳಿಸಿದೆ. ಹತ್ತು ಗಂಟೆಗೆ ಹೊಸ ಜಿ.ಪಿ.ಎಕ್ಸ್. ಬಂತು. ಈ ಸಲ ಒತ್ತಿ ನೋಡಿ ಸುಮ್ಮನಾಗಲಿಲ್ಲ. ಗುಡಿಯ ಗೇಟಿಗೆ ನಡೆದುಹೋಗಿ ನಿಂತೆ. ನಾನು ನಿಂತ ನೀಲಿ ಚುಕ್ಕಿ, ಯಜಮಾನರು ಯಾವಾಗಲೋ ನಿಂತ ಗುರುತು, ಎರಡರ ನಡುವೆ ಒಂದು ಎತ್ತಿನಗಾಡಿಯ ಅಂತರವೂ ಇರಲಿಲ್ಲ.

ವ್ಯಾನು ಬಂದಾಗ ಹನ್ನೆರಡೂವರೆ. ಬೈಗುಳವನ್ನು ಇಲ್ಲಿ ಅಚ್ಚು ಹಾಕೋ ಹಾಗಿಲ್ಲ.

ಎಸ್‌ಎಚ್‌ಡಿ 4 ಪಿಎಂ

ಮಧ್ಯಾಹ್ನ ಹುಳಿಕೆರೆಗೆ ಹೋದೆವು. ಹಳೇಬೀಡಿನ ಹತ್ತಿರದ ಹಳ್ಳಿ. ಊರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಹೊಯ್ಸಳರ ಕಲ್ಯಾಣಿ, ಸುತ್ತಲೂ ಬೊಂಬೆಯಷ್ಟು ಚಿಕ್ಕ ಚಿಕ್ಕ ಗುಡಿಗಳು. ಮೊಬೈಲು ಕರೆದುಕೊಂಡು ಹೋಗಿ ಮೊದಲ ಮೆಟ್ಟಿಲ ಮೇಲೆ ನಿಲ್ಲಿಸಿತು. ಅಲ್ಲಿಯವರೆಗೆ ನನ್ನ ಮುಖ ನೋಡದೇ ಇದ್ದ ಕ್ಯಾಮೆರಾಮನ್ "ಹೂಂ" ಅಂದರು. ಆ ಒಂದು 'ಹೂಂ'ಗೆ ನಾನು ಅರ್ಧ ಬದುಕಿದೆ.

ಆಮೇಲಿನ ಮಂಟಪ ಮತ್ತೆ ಕೈ ಕೊಟ್ಟಿತು. ಗುರುತು ತೋರಿಸಿದ ಕಡೆ ರಾಗಿ ಹೊಲ. ಕಣ್ಣಾಡಿಸಿದರೆ ವಾಯುವ್ಯಕ್ಕೆ ಇನ್ನೂರೈವತ್ತು ಹೆಜ್ಜೆ ಆಚೆ, ಹುಣಸೆಮರದ ಕೆಳಗೆ ಕಂಬಗಳು ಕಂಡವು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ಒಂದು ಸಣ್ಣ ಗುಣಾಕಾರದ ಗುರುತಿತ್ತು. ಮತ್ತೆ ಫೋನು.

"ಅದು ಡಬ್ಬಿಯಲ್ಲಿ ಹಿಡಿದಿದ್ದಲ್ಲ ಕಣೋ. ಡಬ್ಬಿ ಬರೋಕೆ ಮುಂಚೆ ಸರ್ವೆ ಆಫ್ ಇಂಡಿಯಾ ನಕ್ಷೆ ಮೇಲೆ ಸ್ಕೇಲು ಇಟ್ಟು ಓದಿದ್ದು. ಆ ಭೂಮಿ ಬೇರೆ, ಈ ಭೂಮಿ ಬೇರೆ."

ತಮಾಷೆ ಅಲ್ಲ, ನಿಜ. ಹಳೇ ನಕ್ಷೆಗಳ ಲೆಕ್ಕ ನಿಂತಿರೋದು 1830ರಲ್ಲಿ ಜಾರ್ಜ್ ಎವರೆಸ್ಟ್ ಸಾಹೇಬರು ಭೂಮಿಯ ಆಕಾರಕ್ಕೆ ಕಟ್ಟಿದ ಅಳತೆಯ ಮೇಲೆ. ಶಿಖರಕ್ಕೆ ಹೆಸರು ಕೊಟ್ಟ ಅದೇ ಎವರೆಸ್ಟ್. ಉಪಗ್ರಹಗಳ ಲೆಕ್ಕ ಇನ್ನೊಂದು, ಡಬ್ಲ್ಯು.ಜಿ.ಎಸ್. 84 ಅಂತ ಅದರ ಹೆಸರು. ಅಂಕಿ ಒಂದೇ ಆದರೂ ನೆಲ ಒಂದೇ ಅಲ್ಲ. ನಮ್ಮ ಈ ಸೀಮೆಯಲ್ಲಿ ನೂರೈವತ್ತರಿಂದ ಇನ್ನೂರು ಮೀಟರ್ ಆಚೀಚೆ ಆಗುತ್ತೆ. ಗುಣಾಕಾರದ ಗುರುತಿದ್ದ ಹತ್ತೊಂಬತ್ತು ಪಾಯಿಂಟುಗಳನ್ನೂ ಬೇರೆ ತೆಗೆದಿಟ್ಟೆವು. ಅವನ್ನು ಬೇರೆ ಲೆಕ್ಕದಲ್ಲಿ ಸರಿಸಬೇಕು.

ಆದರೆ ಯಾವ ತಂತ್ರಾಂಶವೂ ಮಾಡಿಕೊಡದ ಕೆಲಸ ಇನ್ನೊಂದಿತ್ತು. ಹೆಸರು! ಆ ಹಳದಿ ಡಬ್ಬಿಯಲ್ಲಿ ಐನೂರು ಜಾಗ ಹಿಡಿಸುತ್ತೆ, ಆದರೆ ಒಂದೊಂದು ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರ. ಯಜಮಾನರು ಆರಕ್ಷರದಲ್ಲಿ ಅರ್ಧ ಚಿತ್ರಕಥೆ ಬರೆದಿದ್ದರು. ಒಂದು ಪಾಯಿಂಟಿನ ಹೆಸರು ಎಸ್‌ಎಚ್‌ಡಿ 4 ಪಿಎಂ. ನಾವು ಅದೇನೋ ಊರಿರಬೇಕು ಅಂದುಕೊಂಡೆವು. ಹುಣಸೆಮರದ ಮಂಟಪದಿಂದ ಸ್ವಲ್ಪ ದೂರದ ಬರೀ ಬಂಡೆ ಅದು. ಏನೂ ಇಲ್ಲವಲ್ಲ ಅಂತ ಎಲ್ಲರೂ ಬಂಡೆಗೆ ಒರಗಿ ಕೂತೆವು. ಗಂಟೆ ನಾಲ್ಕಾಯಿತು. ಬಂಡೆಯ ನೆರಳು ಉದ್ದವಾಗಿ ಹೋಗಿ ಮಂಟಪದ ಬುಡವನ್ನು ಮುಟ್ಟಿತು. ಮೇಲಿನ ಕಂಬಗಳಿಗೆ ಮಾತ್ರ ಬಿಸಿಲು, ಕೆಳಗೆಲ್ಲ ತಂಪು ನೆರಳು. ಕ್ಯಾಮೆರಾಮನ್ ಎದ್ದು ನಿಂತರು. ನಾಲ್ಕು ಗಂಟೆಯ ನೆರಳು! ಅದನ್ನೇ ಆ ಮನುಷ್ಯ ಆರಕ್ಷರದಲ್ಲಿ ಬರೆದಿಟ್ಟಿದ್ದ.

ಮಾರನೇ ದಿನ ಬೇಲೂರು. ಹಳೇಬೀಡಿನಿಂದ ಹದಿನಾರು ಕಿಲೋಮೀಟರ್. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ, ದರ್ಪಣಸುಂದರಿ, ಆಧಾರವಿಲ್ಲದೆ ನಿಂತ ದೀಪದ ಕಂಬ ಎಲ್ಲ ನೀವು ನೋಡಿದ್ದೀರಿ, ಅದನ್ನು ಮತ್ತೆ ಬರೆಯೋಲ್ಲ. ನನ್ನ ಕಾಲು ಹೋಗಿ ನಿಂತಿದ್ದು ಕಪ್ಪೆ ಚೆನ್ನಿಗರಾಯನ ಮುಂದೆ. ಕಥೆ ಗೊತ್ತಲ್ಲ? ಜಕಣಾಚಾರಿಯ ಮೂರ್ತಿಗೆ ಗಂಧ ಬಳಿದರು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ, ಹುಡುಗ ಡಂಕಣ ತೋರಿಸಿದ ಕಡೆ ಉಳಿ ಇಟ್ಟರೆ ಒಳಗಿನಿಂದ ನೀರು, ಕಪ್ಪೆ! ಇತಿಹಾಸದವರು ಒಪ್ಪೋಲ್ಲ, ಬಿಡಿ. ಮೂಡಿಗೆರೆ ದೋಷ ಹೊತ್ತು ಬಂದವನಿಗೆ ಆ ದಿನ ಅದು ಕಟ್ಟುಕಥೆ ಅನ್ನಿಸಲಿಲ್ಲ.

ಬೇಲೂರಿನ ಸುತ್ತ ಒಂಬತ್ತು ಪಾಯಿಂಟಿದ್ದವು. ಎನ್‌ಓಜಿಇಎನ್ ಅಂದರೆ ಜನರೇಟರ್ ಹೋಗಲ್ಲ ಅಂತ. ಹೋಗಿ ನೋಡಿದೆವು, ಕಾಲುದಾರಿ. ಬಿಎಲ್‌ಆರ್‌ಟಿಇಎ ಅಂತ ಒಂದು. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. "ಮುಂಚೆ ಟೀ ಹೋಟ್ಲಿತ್ತು ಸಾರ್, ತುಂಬಾ ಚೆನ್ನಾಗಿತ್ತು" ಅಂದ ಅಂಗಡಿಯವನು.

ಕೆಲಸವೇನೋ ಆಯಿತು. ಏರಿ ಓಕೆ, ಕಲ್ಯಾಣಿಗೆ ಅರ್ಜಿ ಹಾಕ್ತಾರಂತೆ, ಮಂಟಪ ಡಬಲ್ ಓಕೆ. ಎಂಟು ಸಾವಿರದಲ್ಲಿ ಮೂಡಿಗೆರೆಗೆ ಹೋಗಿ ಬಂದ ಡೀಸೆಲ್ ಮುರಿದುಕೊಂಡು ಐದೂವರೆ ಕೈಗೆ ಬಂತು. ನಾನು ಮಾತಾಡಲಿಲ್ಲ. ಮಾತಾಡೋ ಮುಖ ಎಲ್ಲಿತ್ತು?

ನೋಟ್‌ಬುಕ್ಕು ವಾಪಸು ಕೊಡೋಕೆ ಮತ್ತೆ ಅರಸೀಕೆರೆಗೆ ಹೋದೆ. ಜಿ.ಪಿ.ಎಕ್ಸ್. ಕಡತದಲ್ಲಿ ಪ್ರತಿ ಪಾಯಿಂಟಿಗೂ ಹೆಸರಿನ ಜೊತೆ ವಿವರಣೆ ಅಂತ ಒಂದು ಜಾಗ ಇರುತ್ತೆ, ಕನ್ನಡದಲ್ಲೇ ಎಷ್ಟು ಬೇಕಾದರೂ ಬರೆಯಬಹುದು ಅಂತ ಜೆರಾಕ್ಸ್ ಹುಡುಗ ಹೇಳಿದ್ದ. ಅಂಗಳದಲ್ಲಿ ಚಾಪೆ ಹಾಕಿಕೊಂಡು ಕೂತೆವು. ನಾನು ಆರಕ್ಷರ ಓದೋದು, ಅವರು ಕಣ್ಣು ಮುಚ್ಚಿ ಹೇಳೋದು. ಇಲ್ಲಿ ಮಳೆಗಾಲದಲ್ಲಿ ವ್ಯಾನು ಹೂತುಹೋಗುತ್ತೆ. ಇಲ್ಲಿ ಗೌಡರನ್ನು ಕೇಳಿಯೇ ಇಳಿಯಬೇಕು. ಇಲ್ಲಿ ವೀರಗಲ್ಲಿಗೆ ಪೂಜೆ ನಡೆಯುತ್ತೆ, ಚಪ್ಪಲಿ ಹಾಕಿಕೊಂಡು ಹತ್ತಬೇಡಿ. ಹೀಗೆ ಎರಡು ದಿನ, ಅರವತ್ತೊಂದು ಪಾಯಿಂಟು ತುಂಬಿತು. ಇಪ್ಪತ್ತಾರು ಉಳಿದವು. ಆರಕ್ಷರ ಎಷ್ಟು ಸಲ ಓದಿದರೂ ಅವರಿಗೆ ನೆನಪಾಗಲಿಲ್ಲ.

"ಕೊಡಿಲ್ಲಿ," ಅಂತ ಮೊಬೈಲು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ಎರಡು ಬೆರಳಲ್ಲಿ ನಕ್ಷೆ ದೊಡ್ಡದು ಮಾಡೋದು ತೋರಿಸಿಕೊಟ್ಟೆ. ಅರಸೀಕೆರೆ, ಹಾರನಹಳ್ಳಿ, ಜಾವಗಲ್ಲು ಎಲ್ಲದರ ಮೇಲೂ ಬೆರಳಾಡಿಸುತ್ತಾ ಹೋಗಿ ಒಂದು ಖಾಲಿ ಪಾಯಿಂಟಿನ ಮೇಲೆ ನಿಂತರು. ಮನೆಯಿಂದ ಆರು ಕಿಲೋಮೀಟರ್ ತೋರಿಸುತ್ತಿತ್ತು.

"ಇಲ್ಲಿ ಕೂತ್ರೆ ಆಗಲ್ಲ ಕಣೋ. ಅಲ್ಲಿ ಹೋಗಿ ನಿಂತ್ರೆ ಗೊತ್ತಾಗುತ್ತೆ," ಅಂದರು. ಒಳಗೆ ತಿರುಗಿ ಸೊಸೆಯನ್ನು ಕೂಗಿದರು: "ಅಮ್ಮಾ, ನನ್ನ ಚಪ್ಪಲಿ ಎಲ್ಲಿಟ್ಟೆ?"